ಹೊಸ ಪಿಸ್ತೂಲು ಕೊಳ್ಳುವಾಗ ನಾನು ನೋಡಿದ್ದು ಏನೇನು

ಪಿಸ್ತೂಲು ಕೊಳ್ಳೋಣ ಅಂತ ಹೊರಟಾಗ ನಾನು ಮೊದಲು ಲೆಕ್ಕ ಹಾಕಿದ್ದು ಗುಂಡಿನ ಖರ್ಚು. ವಾರಕ್ಕೆ ನೂರು ಗುಂಡು ಹೊಡೆದರೂ ವರ್ಷಕ್ಕೆ ಐದು ಸಾವಿರ ದಾಟುತ್ತದೆ. ಆ ಖರ್ಚಿನ ಮುಂದೆ ಈ ಪಿಸ್ತೂಲಿಗೂ ಆ ಪಿಸ್ತೂಲಿಗೂ ಇರುವ ಬೆಲೆಯ ವ್ಯತ್ಯಾಸ ಏನೇನೂ ಅಲ್ಲ. ಇದರ ಮೇಲೆ ಹೆಚ್ಚುವರಿ ಮ್ಯಾಗಜಿನ್ (ಗುಂಡು ತುಂಬಿ ಪಿಸ್ತೂಲಿನ ಹಿಡಿಯೊಳಗೆ ಸೇರಿಸುವ ಡಬ್ಬಿ), ಬೀಗ ಹಾಕುವ ಗಟ್ಟಿ ಪೆಟ್ಟಿಗೆ, ಕಿವಿಗೆ ಮಫ್, ಕಣ್ಣಿಗೆ ಕನ್ನಡಕ. ಎಲ್ಲ ಕೂಡಿಸಿ, ಕೈಯಲ್ಲಿರುವ ದುಡ್ಡಿನಿಂದ ಕಳೆದು, ಮಿಕ್ಕಿದ್ದೇ ಪಿಸ್ತೂಲಿನ ಬಜೆಟ್ ಅಂತ ಇಟ್ಟುಕೊಂಡೆ. ಪರವಾನಗಿ, ಕಾನೂನು ಒಂದೊಂದು ಕಡೆ ಒಂದೊಂದು ಥರ. ಯಾವ ಕ್ಯಾಲಿಬರ್ (ಗುಂಡಿನ ಅಳತೆ) ಇಟ್ಟುಕೊಳ್ಳಬಹುದು, ಮ್ಯಾಗಜಿನ್ನಿನಲ್ಲಿ ಎಷ್ಟು ಗುಂಡು ಇರಬಹುದು ಅನ್ನುವುದನ್ನೂ ಕಾನೂನೇ ನಿಗದಿ ಮಾಡುವ ಜಾಗಗಳಿವೆ. ಅದನ್ನು ಮೊದಲು ತಿಳಿದುಕೊಳ್ಳದೆ ಮಾದರಿ ಹುಡುಕುತ್ತಾ ಕೂತರೆ ಸುಮ್ನೆ ಟೈಮ್ ವೇಸ್ಟ್.

ಗುಂಡಿನ ಲೆಕ್ಕ ಹಾಕಿದ್ದರಿಂದ ಕ್ಯಾಲಿಬರ್ ಪ್ರಶ್ನೆ ತಾನಾಗೇ ಮುಗಿಯಿತು. 9x19 ಎಂಎಂ, ಅಂದರೆ ಗುಂಡಿನ ದಪ್ಪ 9 ಎಂಎಂ, ತೋಟಾದ ಉದ್ದ 19 ಎಂಎಂ. ಜಾರ್ಜ್ ಲೂಗರ್ ಇದನ್ನು ರೂಪಿಸಿದ್ದು 1902ರ ಸುಮಾರಿಗೆ. ಇವತ್ತಿಗೂ ಪಿಸ್ತೂಲಿನ ಗುಂಡುಗಳಲ್ಲಿ ಹೆಚ್ಚು ಚಾಲ್ತಿಯಲ್ಲಿರುವುದು ಇದೇ. ಜಾಸ್ತಿ ತಯಾರಾಗುವುದರಿಂದ ಅಗ್ಗ, ಎಲ್ಲ ಬ್ರ್ಯಾಂಡಿನಲ್ಲೂ ಸಿಗುತ್ತದೆ. "9 ಎಂಎಂ ಸಾಲದು, .40 ತಗೋ, .45 ತಗೋ" ಅಂತ ಇನ್ನೂ ದಪ್ಪ ಗುಂಡು ಹೇಳುವವರು ಈಗಲೂ ಇದ್ದಾರೆ (ಈ ಅಂಕಿಗಳು ಇಂಚಿನವು). ಅಮೆರಿಕದ ಕೇಂದ್ರ ತನಿಖಾ ಸಂಸ್ಥೆ ಎಫ್‌ಬಿಐ ಕೂಡ ಹಾಗೇ ಅಂದುಕೊಂಡಿತ್ತು. 1986ರಲ್ಲಿ ಮಯಾಮಿಯಲ್ಲಿ ನಡೆದ ಗುಂಡಿನ ಕಾಳಗದಲ್ಲಿ ಇಬ್ಬರು ಏಜೆಂಟರು ಸತ್ತ ಮೇಲೆ ಅದು 10 ಎಂಎಂ ಕಡೆ ತಿರುಗಿತು. ಅದರ ಒದೆತ ಹೆಚ್ಚಾಯಿತು ಅಂತ .40ಗೆ ಬಂತು. ಕೊನೆಗೆ ಗುಂಡಿನ ವಿನ್ಯಾಸ ಸುಧಾರಿಸಿದ ಮೇಲೆ ಮತ್ತೆ 9 ಎಂಎಂಗೇ ಮರಳಿತು. ಒದೆತ ಕಡಿಮೆ ಇದ್ದರೆ ಹೆಚ್ಚಿನವರು ಚೆನ್ನಾಗಿ ಗುರಿ ಹೊಡೆಯುತ್ತಾರೆ ಅನ್ನುವುದು ಆ ನಿರ್ಧಾರದ ಹಿಂದಿದ್ದ ಒಂದು ಕಾರಣ. ನನ್ನಂಥವನಿಗೆ ಅಷ್ಟು ಸಾಕು.

.22 ಅನ್ನುವ ಸಣ್ಣ ಗುಂಡಿನ ಪಿಸ್ತೂಲಿನ ಆಸೆ ನನಗೂ ಬಂದಿತ್ತು. ಅದರ ಗುಂಡು ಇನ್ನೂ ಅಗ್ಗ, ಒದೆತ ಇಲ್ಲವೇ ಇಲ್ಲ ಅನ್ನಬಹುದು. ಕಲಿಯೋಕೆ ಅದಕ್ಕಿಂತ ಒಳ್ಳೆಯದು ಇಲ್ಲ. ಆದರೆ ಅದು ರಿಮ್‌ಫೈರ್. ಸಿಡಿಮದ್ದು ತೋಟಾದ ಅಂಚಿನ ಒಳಗಡೆ ಇರುತ್ತದೆ, ಎಲ್ಲ ಕಡೆ ಒಂದೇ ಸಮ ಹರಡಿರಲೇಬೇಕು ಅಂತೇನಿಲ್ಲ. ಹಾಗಾಗಿ ಟ್ರಿಗರ್ ಎಳೆದರೂ ಸಿಡಿಯದ ಗುಂಡು ಅದರಲ್ಲಿ ಜಾಸ್ತಿ. ರೇಂಜಿಗೂ (ಗುಂಡು ಹೊಡೆದು ಅಭ್ಯಾಸ ಮಾಡುವ ಜಾಗ) ಮನೆಗೂ ಒಂದೇ ಪಿಸ್ತೂಲು ಬೇಕು ಅನ್ನುವವನಿಗೆ ಅದು ಆಗಿಬರುವುದಿಲ್ಲ.

ರಿವಾಲ್ವರ್ ಬೇಡವಾ ಅಂತ ಹಲವರು ಕೇಳಿದರು. ಅದರಲ್ಲಿ ಗುಂಡು ತಿರುಗುವ ಚಕ್ರದಲ್ಲಿ ಇರುತ್ತದೆ. ಮ್ಯಾಗಜಿನ್ ಇಲ್ಲ, ಸ್ಲೈಡ್ (ಪ್ರತಿ ಗುಂಡಿಗೂ ಹಿಂದೆ ಮುಂದೆ ಓಡುವ ಪಿಸ್ತೂಲಿನ ಮೇಲ್ಭಾಗ) ಇಲ್ಲ, ಗುಂಡು ಸಿಡಿಯಲಿಲ್ಲ ಅಂದರೆ ಇನ್ನೊಂದು ಸಲ ಟ್ರಿಗರ್ ಎಳೆದರಾಯಿತು. ಇದೆಲ್ಲ ನಿಜ. ಆದರೆ ಅದರ ಡಬಲ್ ಆಕ್ಷನ್ ಟ್ರಿಗರ್ (ಗುಂಡಿಗೆ ಬಡಿಯುವ ಹ್ಯಾಮರನ್ನು ಒಂದೇ ಎಳೆತಕ್ಕೆ ಎತ್ತಿ ಬಿಡುವಂಥದ್ದು) ಐದು ಕೆಜಿ ಆಸುಪಾಸಿನದು, ಉದ್ದಕ್ಕೆ ಎಳೆಯಬೇಕು. ಅದನ್ನು ಕೊನೆವರೆಗೂ ನೇರವಾಗಿ ಎಳೆಯೋದು ಕಲಿಯೋಕೆ ತುಂಬಾ ಗುಂಡು ಖರ್ಚಾಗುತ್ತದೆ. ಸ್ಲೈಡ್ ಎಳೆಯಲು ಕೈಯಲ್ಲಿ ಬಲ ಸಾಲದವರು ರಿವಾಲ್ವರ್ ತಗೊಳ್ಳುತ್ತಾರೆ. ಆದರೆ ಆ ಭಾರದ ಟ್ರಿಗರ್ ಎಳೆಯೋಕೂ ಬೆರಳಲ್ಲಿ ಬಲ ಬೇಕಲ್ವಾ? ಅಂದಹಾಗೆ, ಸ್ಲೈಡ್ ಬಿಗಿ ಅಂತ ಕೈಬಿಡುವ ಮುಂಚೆ ಹೀಗೆ ಮಾಡಿ ನೋಡಿ. ಎಡಗೈಯಲ್ಲಿ ಸ್ಲೈಡನ್ನು ಮೇಲಿನಿಂದ ಗಟ್ಟಿಯಾಗಿ ಹಿಡಿದು, ಬಲಗೈಯಿಂದ ಗ್ರಿಪ್ಪನ್ನು (ಹಿಡಿ) ಮುಂದಕ್ಕೆ ತಳ್ಳಿ. ಎಳೆಯುವುದಕ್ಕಿಂತ ತಳ್ಳುವುದು ಸುಲಭ. ನನ್ನ ಹೆಂಡತಿಗೆ "ಇದು ನನ್ನ ಕೈಲಾಗಲ್ಲ ಕಣ್ರೀ" ಅನ್ನಿಸಿದ್ದ ಪಿಸ್ತೂಲು ಹೀಗೆ ಸಲೀಸಾಗಿ ಬಂತು.

ಗಾತ್ರದ ವಿಷಯದಲ್ಲಿ ಅಂಗಡಿಯ ಗಾಜಿನೊಳಗೆ ಚಿಕ್ಕ ಪಿಸ್ತೂಲೇ ಚಂದ ಕಾಣುತ್ತದೆ. ಜೇಬಿಗೆ ಹಿಡಿಯುತ್ತದೆ, ಹಗುರ. ಆದರೆ ಗುಂಡು ಅದೇ 9 ಎಂಎಂ. ತೂಕ ಕಡಿಮೆಯಾದಷ್ಟೂ ಅದೇ ಗುಂಡು ಕೈಗೆ ಜೋರಾಗಿ ಒದೆಯುತ್ತದೆ. ಬ್ಯಾರೆಲ್ (ನಳಿಗೆ) ಗಿಡ್ಡ, ಗುರಿ ನೋಡುವ ಹಿಂದಿನ ಸೈಟಿಗೂ ಮುಂದಿನ ಸೈಟಿಗೂ ಅಂತರ ಕಡಿಮೆ, ಕಿರುಬೆರಳಿಗೆ ಜಾಗವಿಲ್ಲ. ಗೆಳೆಯರೊಬ್ಬರ ಅರ್ಧ ಕೆಜಿಯ ಪಿಸ್ತೂಲಿನಲ್ಲಿ ಒಂದು ಡಬ್ಬಿ ಗುಂಡು ಮುಗಿಸುವಷ್ಟರಲ್ಲಿ ಹೆಬ್ಬೆರಳಿನ ಬುಡ ಉರಿಯುತ್ತಿತ್ತು. ಉರಿಯುವ ಕೈ ಮುಂದಿನ ವಾರ ರೇಂಜಿಗೆ ಹೋಗೋಕೆ ನೆಪ ಹುಡುಕುತ್ತದೆ. ದಿನಾ ಮರೆಯಲ್ಲಿ ಇಟ್ಟುಕೊಂಡು ಓಡಾಡಬೇಕಾದವರಿಗೆ ಚಿಕ್ಕದು ಬೇಕಾಗಬಹುದು. ನನಗೆ ಆ ಅಗತ್ಯ ಇರಲಿಲ್ಲ. ಹಾಗಾಗಿ ಗ್ಲಾಕ್ 19ರ ಅಳತೆಯ ಪಿಸ್ತೂಲುಗಳನ್ನೇ ನೋಡಿದೆ. ಬ್ಯಾರೆಲ್ ಸುಮಾರು 102 ಎಂಎಂ, ಮ್ಯಾಗಜಿನ್ನಿಗೆ 15 ಗುಂಡು. 1988ರಲ್ಲಿ ಬಂದ ಈ ಅಳತೆಯನ್ನು ಆಮೇಲೆ ಹೆಚ್ಚುಕಡಿಮೆ ಎಲ್ಲ ಕಂಪನಿಗಳೂ ಅನುಸರಿಸಿವೆ.

ನಂಬಿಕೆಗೆ ಅರ್ಹವಾ ಅಂತ ನೋಡುವಾಗ ನಾನು ಹೆಸರಿಗಿಂತ ವಯಸ್ಸು ನೋಡಿದೆ. ಮಾದರಿ ಮಾರುಕಟ್ಟೆಗೆ ಬಂದು ಕೆಲವು ವರ್ಷ ಆಗಿರಬೇಕು. "ಸೈನ್ಯವೇ ಇದನ್ನು ಬಳಸುತ್ತೆ" ಅನ್ನುವುದು ಒಳ್ಳೆಯ ಗುರುತೇ, ಆದರೆ ಅದೊಂದೇ ಸಾಲದು. ಬೆರೆಟ್ಟಾ 92 ಅನ್ನು ಅಮೆರಿಕದ ಸೈನ್ಯ 1985ರಲ್ಲಿ ಒಪ್ಪಿಕೊಂಡಿತು. ಆಮೇಲೆ ಕೆಲವು ಪಿಸ್ತೂಲುಗಳ ಸ್ಲೈಡ್ ಬಿರುಕುಬಿಟ್ಟವು. ಸ್ಲೈಡ್ ಮುರಿದರೂ ಹಿಂದಕ್ಕೆ ಹಾರಿ ಮುಖಕ್ಕೆ ಬಡಿಯದ ಹಾಗೆ ಹ್ಯಾಮರ್ ಪಿನ್ನಿನ ತಲೆಯನ್ನು ದೊಡ್ಡದು ಮಾಡಿದರು. ಸಿಗ್ ಪಿ320 ಬಂದಿದ್ದು 2014ರಲ್ಲಿ. 2017ರ ಜನವರಿಯಲ್ಲಿ ಅದೇ ಸೈನ್ಯ ಅದನ್ನು ಆರಿಸಿಕೊಂಡಿತು. ಅದೇ ವರ್ಷ ಆಗಸ್ಟ್‌ನಲ್ಲಿ, ಕೆಲವು ಕೋನಗಳಲ್ಲಿ ಕೆಳಗೆ ಬಿದ್ದರೆ ಗುಂಡು ಹಾರಬಹುದು ಅನ್ನುವ ವಿಷಯ ಹೊರಬಂದು, ಕಂಪನಿ ಟ್ರಿಗರ್ ಬದಲಾಯಿಸಿಕೊಡುವ ಯೋಜನೆ ಪ್ರಕಟಿಸಿತು. ದೊಡ್ಡ ಕಂಪನಿಗಳ ಪಿಸ್ತೂಲಿಗೇ ಹೀಗಾಗುತ್ತದೆ ಅಂದರೆ, ನಿನ್ನೆ ಮೊನ್ನೆ ಬಂದ ಮಾದರಿಯನ್ನು ಪರೀಕ್ಷೆ ಮಾಡುವ ಕೆಲಸ ನನಗ್ಯಾಕೆ? ಬೇರೆಯವರು ಮಾಡಿ ಮುಗಿಸಲಿ ಅಂದುಕೊಂಡೆ.

ಬ್ಯಾರೆಲ್ ಮೇಲೆ ಪ್ರೂಫ್ ಮುದ್ರೆ ಇದೆ, ಹಾಗಾಗಿ ನಂಬಬಹುದು ಅಂತ ಒಬ್ಬರು ಅಂದರು. ಆ ಮುದ್ರೆ ಹೇಳುವುದೇ ಬೇರೆ. ಸಿಐಪಿ (ಬಂದೂಕುಗಳ ಪರೀಕ್ಷೆಗೆ ನಿಯಮ ಮಾಡುವ ಅಂತರರಾಷ್ಟ್ರೀಯ ಸಂಸ್ಥೆ) ನಿಯಮ ಇರುವ ದೇಶಗಳಲ್ಲಿ ಪ್ರತಿ ಪಿಸ್ತೂಲಿನಲ್ಲೂ ಮಾಮೂಲಿಗಿಂತ ಜೋರಾದ ಗುಂಡು ಹೊಡೆದು ನೋಡಿಯೇ ಮಾರಾಟಕ್ಕೆ ಬಿಡುತ್ತಾರೆ. 9 ಎಂಎಂಗೆ ಒತ್ತಡದ ಮಿತಿ 2350 ಬಾರ್. ಪರೀಕ್ಷೆಯ ಗುಂಡು ಅದಕ್ಕಿಂತ ಶೇ 30ರಷ್ಟು ಜಾಸ್ತಿ. ಅಂದರೆ ಪಿಸ್ತೂಲು ಕೈಯಲ್ಲೇ ಒಡೆಯುವುದಿಲ್ಲ ಅಂತ ಖಾತ್ರಿ. ಜಾಮ್ ಆಗುವುದಿಲ್ಲ ಅಂತ ಅದು ಹೇಳುವುದಿಲ್ಲ.

ಬೆಲೆ ಕಡಿಮೆ ಮಾಡುವಾಗ ಕಂಪನಿ ಎಲ್ಲಿ ಕೈ ಬಿಗಿ ಹಿಡಿದಿದೆ ಅನ್ನುವುದನ್ನು ಹುಡುಕಿ ನೋಡಿದೆ. ಸೈಟ್ ಪ್ಲಾಸ್ಟಿಕ್ಕಿನದು, ಡಬ್ಬಿಯಲ್ಲಿ ಒಂದೇ ಮ್ಯಾಗಜಿನ್, ಸ್ಲೈಡಿನ ಮೇಲೆ ಯಂತ್ರದ ಗೀರುಗಳು ಹಾಗೇ ಇವೆ. ಇದರಿಂದೆಲ್ಲ ನನಗೆ ತೊಂದರೆ ಇಲ್ಲ. ಸ್ಲೈಡೇ ಸತುವಿನ ಮಿಶ್ರಲೋಹದ ಎರಕ, ಗುಂಡಿಗೆ ಬಡಿಯುವ ಫೈರಿಂಗ್ ಪಿನ್ನಿಗೆ ತಡೆ ಇಲ್ಲ ಅಂದರೆ ಎಷ್ಟೇ ಅಗ್ಗವಾಗಿದ್ದರೂ ಬೇಡ. ಆ ತಡೆ ಚಿಕ್ಕ ಬಿಡಿಭಾಗ. ಟ್ರಿಗರ್ ಪೂರ್ತಿ ಎಳೆಯುವ ತನಕ ಪಿನ್ ಮುಂದಕ್ಕೆ ಹೋಗದಂತೆ ಹಿಡಿದಿಡುತ್ತದೆ. ಪಿಸ್ತೂಲು ಕೈಜಾರಿ ನೆಲಕ್ಕೆ ಬಿದ್ದಾಗ ಕಾಪಾಡುವುದು ಅದೇ.

ಕೊನೆಗೆ ಉಳಿದವು ಗ್ಲಾಕ್ 19, ಸ್ಮಿತ್ ಅಂಡ್ ವೆಸನ್ ಎಂ ಅಂಡ್ ಪಿ ಕಾಂಪ್ಯಾಕ್ಟ್, ಸಿಝಡ್ ಪಿ-10 ಸಿ. ಮೂರೂ ಸ್ಟ್ರೈಕರ್ ಪಿಸ್ತೂಲುಗಳೇ (ಹ್ಯಾಮರ್ ಇಲ್ಲದೆ, ಒಳಗಿನ ಸ್ಪ್ರಿಂಗಿನ ಬಲದಿಂದ ಪಿನ್ನೇ ಗುಂಡಿಗೆ ಬಡಿಯುವಂಥವು), ಮೊದಲ ಗುಂಡಿಗೂ ಕೊನೆಯ ಗುಂಡಿಗೂ ಟ್ರಿಗರ್ ಒಂದೇ ಥರ. ಕಾಗದದ ಮೇಲೆ ಇವುಗಳಲ್ಲಿ ಆರಿಸುವುದಕ್ಕೆ ಏನೂ ಇಲ್ಲ. ಕೈಯಲ್ಲಿ ಹಿಡಿದಾಗ ಗೊತ್ತಾಗುತ್ತದೆ.

ಅಂಗಡಿಯಲ್ಲಿ ನಾನು ಮಾಡಿದ್ದು ಹೀಗೆ. ಮೊದಲು ಮ್ಯಾಗಜಿನ್ ತೆಗೆದು, ಸ್ಲೈಡ್ ಹಿಂದಕ್ಕೆಳೆದು ನಿಲ್ಲಿಸಿ, ಚೇಂಬರ್ (ಬ್ಯಾರೆಲ್ಲಿನ ಹಿಂದೆ ಗುಂಡು ಕೂರುವ ಜಾಗ) ಖಾಲಿ ಇದೆಯಾ ಅಂತ ಕಣ್ಣಲ್ಲಿ ನೋಡಿ, ಬೆರಳಿಟ್ಟೂ ನೋಡುವುದು. ಅಂಗಡಿಯವರು ಕಣ್ಣೆದುರೇ ನೋಡಿ ಕೊಟ್ಟಿದ್ದರೂ ನಾವು ಇನ್ನೊಂದು ಸಲ ನೋಡಬೇಕು. ಆಮೇಲೆ ಗ್ರಿಪ್ಪನ್ನು ಎಷ್ಟು ಮೇಲೆ ಹಿಡಿಯಲು ಆಗುತ್ತದೋ ಅಷ್ಟು ಮೇಲೆ ಹಿಡಿದೆ. ಬ್ಯಾರೆಲ್ ಮುಂಗೈಗೆ ನೇರ ಬರಬೇಕು. ತೋರುಬೆರಳಿನ ಮೊದಲ ಗಿಣ್ಣಿನ ಮುಂದಿನ ಮೆತ್ತನೆಯ ಭಾಗ ಟ್ರಿಗರ್ ಮೇಲೆ ಕೂರಬೇಕು. ಬೆರಳು ತಲುಪಿಸೋಕೆ ಅಂತ ಪಿಸ್ತೂಲನ್ನು ಅಂಗೈಯಲ್ಲಿ ತಿರುಗಿಸಬೇಕಾಗಿ ಬಂದರೆ ಆ ಗ್ರಿಪ್ ದಪ್ಪ ಆಯಿತು ಅಂತ ಅರ್ಥ. ಹಿಂಬದಿಯ ಪಟ್ಟಿ ಬದಲಾಯಿಸುವ ಸೌಲಭ್ಯ ಇದ್ದರೆ ಚಿಕ್ಕದು ಹಾಕಿ ನೋಡಬಹುದು. ಆಮೇಲೆ ಕಣ್ಣು ಮುಚ್ಚಿ ಎರಡೂ ಕೈಯಲ್ಲಿ ಎದುರಿನ ಖಾಲಿ ಗೋಡೆಯತ್ತ ಚಾಚಿ, ಕಣ್ಣು ಬಿಟ್ಟೆ. ಮುಂದಿನ ಸೈಟ್ ಹಿಂದಿನ ಸೈಟಿನ ಸಂದಿನಲ್ಲಿ ಇತ್ತಾ, ಮೇಲೆ ಹೋಗಿತ್ತಾ? ಗ್ಲಾಕಿನ ಗ್ರಿಪ್ ಓರೆ ಸ್ವಲ್ಪ ಬೇರೆ. ನನ್ನ ಕೈಯಲ್ಲಿ ಅದು ಪ್ರತಿ ಸಲ ಮೇಲಕ್ಕೆ ನೋಡುತ್ತಿತ್ತು. ಅದನ್ನೇ ಬಳಸಿ ರೂಢಿಯಾದವರಿಗೆ ಉಳಿದದ್ದು ಕೆಳಕ್ಕೆ ನೋಡುತ್ತದೆ ಅನ್ನಿಸಬಹುದು. ತಪ್ಪು ಪಿಸ್ತೂಲಿನದಲ್ಲ.

ಖಾಲಿ ಪಿಸ್ತೂಲಿನ ಟ್ರಿಗರ್ ಎಳೆದು ನೋಡಬಹುದಾ ಅಂತ ಕೇಳಿಯೇ ಎಳೆಯಬೇಕು, ಅದು ಮರ್ಯಾದೆ. ಆಗ ನೋಡಬೇಕಾಗಿದ್ದು ಟ್ರಿಗರ್ ಹಗುರವಾ ಅಂತಲ್ಲ. ಅದು ಟಕ್ಕಂತ ಬಿಡುವ ಕ್ಷಣದಲ್ಲಿ ಮುಂದಿನ ಸೈಟ್ ಅಲುಗಾಡಿತಾ ಅಂತ. ಸ್ಲೈಡಿನ ಮುಂತುದಿಯ ಮೇಲೆ ಒಂದು ಖಾಲಿ ತೋಟಾ ನಿಲ್ಲಿಸಿ ಟ್ರಿಗರ್ ಎಳೆದರೆ ಇದು ಚೆನ್ನಾಗಿ ಗೊತ್ತಾಗುತ್ತದೆ. ತೋಟಾ ಬೀಳಬಾರದು. ಪಿ-10ರಲ್ಲಿ ಅದು ನಿಂತೇ ಇತ್ತು.

ಅಷ್ಟಾದರೂ ತಕ್ಷಣ ಕೊಳ್ಳಲಿಲ್ಲ. ಮೂರನ್ನೂ ರೇಂಜಿನಲ್ಲಿ ಬಾಡಿಗೆಗೆ, ಗೆಳೆಯರಿಂದ ಎರವಲು ಪಡೆದು ಹೊಡೆದೆ. ಗುರಿಹಲಗೆಯ ಮೇಲಿನ ತೂತು ನೋಡಿ ತೀರ್ಮಾನ ಮಾಡಬೇಡಿ ಅಂತ ಅಲ್ಲಿ ಕಲಿಸುವ ಹಿರಿಯರು ಹೇಳಿದರು. "ಎರಡನೇ ಗುಂಡಿಗೆ ಸೈಟ್ ಎಷ್ಟು ಬೇಗ ವಾಪಸ್ ಬರುತ್ತೆ ನೋಡ್ರಿ" ಅಂದರು. ಹಾಗೆ ನೋಡಿದರೆ ನನಗೆ ಸ್ಮಿತ್ ಅಂಡ್ ವೆಸನ್ನೂ ಸಿಝಡ್ಡೂ ಸರಿಸಮ. ಸಿಝಡ್ ಟ್ರಿಗರ್ ಇಷ್ಟವಾಯಿತು, ಅದನ್ನೇ ಕೊಂಡೆ. ಅದರ ಗ್ರಿಪ್ ಒರಟು, ಬಿಸಿಲಲ್ಲಿ ಬೆವರಿದ ಕೈಗೆ ಅದೇ ಚೆನ್ನ.

ಹೊಸ ಪಿಸ್ತೂಲಿಗೆ ಕಾರ್ಖಾನೆಯಲ್ಲಿ ಬಳಿದಿರುವುದು ತುಕ್ಕು ಹಿಡಿಯದಿರಲು ಹಾಕಿದ ಜಿಡ್ಡು. ಅದನ್ನು ಒರೆಸಿ, ಬ್ಯಾರೆಲ್ ಒಳಗೆ ಒಣಬಟ್ಟೆ ಹಾಯಿಸಿ, ಸ್ಲೈಡ್ ಓಡಾಡುವ ಹಳಿಗಳಿಗೆ ಒಂದೊಂದು ಹನಿ ಎಣ್ಣೆ ಬಿಟ್ಟ ಮೇಲೇ ರೇಂಜಿಗೆ ಒಯ್ದೆ. ಮ್ಯಾಗಜಿನ್ನುಗಳ ತಳದಲ್ಲಿ ಬಣ್ಣದಿಂದ 1, 2, 3 ಅಂತ ಬರೆದಿಟ್ಟೆ. ಇದೊಂದು ಕೆಲಸ ಎಲ್ಲರೂ ಮಾಡಬೇಕು. ಒಂದು ದಿನ ಹೊಡೆಯುತ್ತಿದ್ದಾಗ ಖಾಲಿ ತೋಟಾ ಪೂರ್ತಿ ಹೊರಗೆ ಹಾರದೆ, ಸ್ಲೈಡಿಗೂ ಬ್ಯಾರೆಲ್ಲಿಗೂ ನಡುವೆ ಸಿಕ್ಕಿಕೊಂಡು ಹೊಗೆ ಕೊಳವೆಯ ಹಾಗೆ ನೆಟ್ಟಗೆ ನಿಂತಿತು. ಇದಕ್ಕೆ ಮಾಮೂಲಿ ಕಾರಣ ಮಣಿಕಟ್ಟು ಸಡಿಲ ಬಿಡುವುದು. ಗ್ರಿಪ್ ಗಟ್ಟಿಯಾಗಿ ನಿಲ್ಲದಿದ್ದರೆ ಸ್ಲೈಡ್ ಪೂರ್ತಿ ಹಿಂದಕ್ಕೆ ಹೋಗುವಷ್ಟು ಶಕ್ತಿ ಉಳಿಯುವುದಿಲ್ಲ. ಮಣಿಕಟ್ಟು ಬಿಗಿ ಹಿಡಿದೆ, ಆ ತೊಂದರೆ ನಿಂತಿತು. ಆಮೇಲೆ ಗುಂಡು ಮೂತಿ ಕೆಳಗಾಗಿ ಸಿಕ್ಕಿಕೊಳ್ಳತೊಡಗಿತು. ನಂಬರ್ ನೋಡಿದರೆ ಪ್ರತಿ ಸಲವೂ 3. ಅದು ಪಿಸ್ತೂಲಿನ ಜೊತೆ ಬಂದಿದ್ದಲ್ಲ, ಬೇರೆ ಯಾರೋ ಮಾಡಿದ ಅಗ್ಗದ ಮ್ಯಾಗಜಿನ್. ಎತ್ತಿಟ್ಟೆ. ಒಂದೇ ಮ್ಯಾಗಜಿನ್ನಿನಲ್ಲಿ ಕಾಟ ಇದ್ದರೆ ಮ್ಯಾಗಜಿನ್ನಿನದು, ಎಲ್ಲದರಲ್ಲೂ ಇದ್ದರೆ ಗುಂಡಿನದೋ ಪಿಸ್ತೂಲಿನದೋ ಅಂತ ಮುಂದೆ ಹುಡುಕಬೇಕು.

ಗುಂಡಿನಲ್ಲೂ ಬದಲಾಯಿಸಿ ನೋಡಿದೆ (ಗ್ರೇನ್ ಅನ್ನುವುದು ತೋಟಾದಿಂದ ಹಾರುವ ತುಂಡಿನ ತೂಕದ ಅಳತೆ). 115 ಗ್ರೇನ್, 124 ಗ್ರೇನ್, 147 ಗ್ರೇನ್, ಹಿತ್ತಾಳೆ ತೋಟಾ, ಉಕ್ಕಿನ ತೋಟಾ. ಅಭ್ಯಾಸಕ್ಕೆ ಅಗ್ಗದ 115 ಸಾಕು. ಮನೆಯಲ್ಲಿ ಇಡುವ ಗುಂಡು ಬೇರೆ ಇದ್ದರೆ ಅದನ್ನೂ ಸುಮಾರು ಇನ್ನೂರು ಹೊಡೆದು ನೋಡಿ. ದುಬಾರಿ ಅಂತ ಹಿಂಜರಿಯುವವರೇ ಜಾಸ್ತಿ, ಆದರೆ ಅದರ ಮೂತಿಯ ಆಕಾರವೇ ಬೇರೆ ಇರುತ್ತದೆ. ಅದು ಚೇಂಬರಿಗೆ ಸಲೀಸಾಗಿ ಹತ್ತುತ್ತಾ ಅಂತ ಹೊಡೆಯದೆ ತಿಳಿಯುವುದಿಲ್ಲ. ರೇಂಜಿನಿಂದ ಬಂದ ತಕ್ಷಣ ಸೋಪು ಹಾಕಿ ತಣ್ಣೀರಲ್ಲಿ ಕೈ ತೊಳೆಯಿರಿ. ಗುಂಡಿನ ಸೀಸ ಕೈಗೆ ಅಂಟಿರುತ್ತದೆ.

ಮನೆಗೆ ಬಂದ ಮೇಲೆ ಪಿಸ್ತೂಲು ಖಾಲಿ ಮಾಡಿ ಒಂದು ಬೀಗದಲ್ಲಿ, ಗುಂಡು ಇನ್ನೊಂದು ಬೀಗದಲ್ಲಿ. ಮಕ್ಕಳಿರುವ ಮನೆಯಲ್ಲಿ ಇದರ ಬಗ್ಗೆ ಚರ್ಚೆಯೇ ಇಲ್ಲ. ಎಷ್ಟು ಗುಂಡು ಹೊಡೆದೆ ಅಂತ ಪೆಟ್ಟಿಗೆಯ ಮುಚ್ಚಳದ ಒಳಗೆ ಅಂಟಿಸಿದ ಚೀಟಿಯಲ್ಲಿ ಬರೆಯುತ್ತೇನೆ. ಇಂಥ ಪಿಸ್ತೂಲಿನ ರಿಕಾಯಿಲ್ ಸ್ಪ್ರಿಂಗ್ (ಹಿಂದಕ್ಕೆ ಹೋದ ಸ್ಲೈಡನ್ನು ಮುಂದಕ್ಕೆ ತಳ್ಳುವುದು) ಸಾಮಾನ್ಯವಾಗಿ ಮೂರರಿಂದ ಐದು ಸಾವಿರ ಗುಂಡಿಗೆ ಬದಲಾಯಿಸಬೇಕು. ಅದು ಸೋತಾಗ ಖಾಲಿ ತೋಟಾ ಮಾಮೂಲಿಗಿಂತ ದೂರ ಹಾರುತ್ತದೆ, ಸ್ಲೈಡ್ ಹಿಂದಕ್ಕೆ ಬಡಿಯುವುದು ಕೈಗೆ ಗೊತ್ತಾಗುತ್ತದೆ. ಹೊಸ ಸ್ಪ್ರಿಂಗ್ ಒಂದನ್ನು ಈಗಲೇ ತಂದಿಟ್ಟಿದ್ದೇನೆ.