ಪಿಕಪ್ ಸ್ಟೀರಿಂಗ್‌ನ ‘ಟಕ್’ ಸದ್ದು: 20 ಸಾವಿರ ಕಳೆದ ಮೇಲೆ ಚರಂಡಿಯಲ್ಲಿ ಸಿಕ್ಕಿತು

ನಾನು ಮೆಕ್ಯಾನಿಕ್ ಅಲ್ಲ. ಮದ್ದೂರು ಎಳನೀರು ಮಾರ್ಕೆಟ್‌ನಿಂದ ಮೈಸೂರಿಗೆ ಲೋಡ್ ಹೊಡೆಯುವವನು. ಗಾಡಿ 2009ರ ಮಾಡೆಲ್ ಪಿಕಪ್. ಮುಂದೆಯೂ ಪ್ಲೇಟ್ ಸೆಟ್ (ಭಾರ ಹೊರುವ ಪಟ್ಟಿ ಸ್ಪ್ರಿಂಗ್), ಪವರ್ ಸ್ಟೀರಿಂಗ್. ಮೀಟರ್ 3 ಲಕ್ಷ ದಾಟಿದ್ದು ನೆನಪಿದೆ, ಆಮೇಲೆ ಕೇಬಲ್ ಕಟ್ಟಾಯಿತು, ಲೆಕ್ಕ ಬಿಟ್ಟೆ.

ಸದ್ದು ಶುರುವಾಗಿ ಒಂದೂವರೆ ವರ್ಷ ಆಗಿತ್ತು. ನಿಂತಲ್ಲೇ ಸ್ಟೀರಿಂಗ್ ಎಡಕ್ಕೆ ತಿರುಗಿಸಿದರೆ ‘ಟಕ್’. ಬಲಕ್ಕೆ ತಂದರೆ ಇನ್ನೊಂದು ‘ಟಕ್’. ಖಾಲಿ ಗಾಡಿಯಲ್ಲಿ ಸಣ್ಣ ಗುಂಡಿ ಹತ್ತಿಸಿದರೆ ‘ಕಟಕಟ’. ಎರಡನ್ನೂ ಒಂದೇ ಸದ್ದು ಅಂದುಕೊಂಡಿದ್ದೆ. ದುಡ್ಡು ಹೋಗಿದ್ದೇ ಅಲ್ಲಿ.

ಮೊದಲು ಸ್ಟೀರಿಂಗ್‌ನಿಂದ ಚಕ್ರಕ್ಕೆ ಹೋಗುವ ರಾಡುಗಳ ಜಾಯಿಂಟ್ ಬದಲಾಯಿಸಿದೆ: ಟೈ ರಾಡ್ ಎಂಡ್, ಡ್ರ್ಯಾಗ್ ಲಿಂಕ್ ಬಾಲ್. ಲೇಬರ್ ಸೇರಿ 2,500 ಹತ್ತಿರ, ಅಲೈನ್‌ಮೆಂಟ್‌ಗೆ 350. ಸದ್ದು ಹಾಗೇ ಇತ್ತು. ಆಮೇಲೆ ಮುಂದಿನ ಶಾಕ್ ಅಬ್ಸಾರ್ಬರ್ ಜೋಡಿ, 3,600. ಗಾಡಿ ಕುಣಿಯೋದು ನಿಂತಿತು, ಸದ್ದು ನಿಲ್ಲಲಿಲ್ಲ. ಮೂರನೇ ಸಲ ಪ್ಲೇಟ್ ಸೆಟ್ ಹಿಡಿದಿಡುವ ಶ್ಯಾಕಲ್ ಬುಷ್, ಪಿನ್, ಯು ಬೋಲ್ಟ್ ಎಲ್ಲಾ ಬದಲಾಯಿತು. ಅದೊಂದು 3 ಸಾವಿರ. ಪ್ರತಿ ಸಲವೂ ಗ್ಯಾರೇಜ್ ಮೇಸ್ತ್ರಿ ಜಾಕ್ ಹಾಕಿ ಚಕ್ರ ಎತ್ತುತ್ತಿದ್ದರು, ಎರಡೂ ಕೈಯಲ್ಲಿ ಹಿಡಿದು ಅಲ್ಲಾಡಿಸುತ್ತಿದ್ದರು, "ಆಟವೇ ಇಲ್ಲ ಕಣಪ್ಪಾ" ಅನ್ನುತ್ತಿದ್ದರು. ಆಟ, ಅಂದರೆ ಸಡಿಲ, ಇರಲಿಲ್ಲ, ನಿಜ. ಚಕ್ರ ಗಾಳಿಯಲ್ಲಿದ್ದಾಗ, ಭಾರವೇ ಇಲ್ಲದಾಗ, ಸದ್ದು ಎಲ್ಲಿಂದ ಬರಬೇಕು?

ಕೊನೆಗೆ ಎಲ್ಲರೂ ಸ್ಟೀರಿಂಗ್ ಬಾಕ್ಸ್ (ಸ್ಟೀರಿಂಗ್ ತಿರುವನ್ನು ರಾಡುಗಳಿಗೆ ದಾಟಿಸುವ ಗೇರ್ ಡಬ್ಬ) ಕಡೆ ಬೆರಳು ತೋರಿಸಿದರು. ಮೈಸೂರಿನಲ್ಲಿ ಬಾಕ್ಸ್ ಇಳಿಸಿ, ಸೀಲ್ ಕಿಟ್, ಬೇರಿಂಗ್ ಹಾಕಿ ವಾಪಸ್ ಕೂರಿಸಿದರು. 9,500. ಸದ್ದು ನಿಂತೇ ಹೋಯಿತು! ಖುಷಿಗೆ ಗ್ಯಾರೇಜ್ ಹುಡುಗರಿಗೆಲ್ಲ ಮದ್ದೂರು ವಡೆ ಕೊಡಿಸಿದೆ. 8 ದಿನ ಗಾಡಿ ಬೆಣ್ಣೆ ಹಾಗಿತ್ತು. ಒಂಬತ್ತನೇ ದಿನ ಬಂಡೀಪಾಳ್ಯ ಎಪಿಎಂಸಿಯಲ್ಲಿ ರಿವರ್ಸ್ ಹೊಡೆಯುವಾಗ ‘ಟಕ್’. ಅಲ್ಲೇ ಸೀಟಿನಲ್ಲಿ ಕೂತು ಒಂದು ನಿಮಿಷ ಸುಮ್ಮನಿದ್ದೆ.

ಮೇಸ್ತ್ರಿ ಹೇಳಿದ್ದು ಇಷ್ಟೇ: "ಹಳೇ ಗಾಡಿ ಅಂದ್ಮೇಲೆ ಸದ್ದು ಇರದೇ ಇರ್ತದಾ? ಟೇಪ್ ಜೋರಾಗಿ ಇಟ್ಕೊಂಡು ಓಡ್ಸು ಬುಡು." ಭಾವ ಅಂತೂ ಗಾಡಿ ಮಾರಿಬಿಡು ಅಂದರು.

ಬಾಕ್ಸ್ ರಿಪೇರಿ ಸರಿಯಾಗಿಲ್ಲ ಅಂತ ನಾನೂ ಬೈದುಕೊಂಡೆ. ಆಮೇಲೆ ಬೈಕೊಂಡಿದ್ದಕ್ಕೆ ನಾಚಿಕೆಯಾಯಿತು, ಅದನ್ನು ಮುಂದೆ ಹೇಳುತ್ತೇನೆ. ಅಷ್ಟರಲ್ಲಿ ನನ್ನದೇ ಒಂದು ತಲೆಹರಟೆ ನಡೆಯಿತು. ಬಾಕ್ಸ್ ಮೇಲೆ ಒಳಗಿನ ಗೇರಿನ ಸಡಿಲ ಬಿಗಿ ಮಾಡೋ ಅಡ್ಜಸ್ಟ್ ಸ್ಕ್ರೂ ಇರುತ್ತಲ್ಲ, ಲಾಕ್ ನಟ್ ಸಡಿಲಿಸಿ ಅದನ್ನು ಟೈಟ್ ಮಾಡಿದೆ. ಜಾಸ್ತಿಯೇ ಆಯಿತು. ಶ್ರೀರಂಗಪಟ್ಟಣದ ಹತ್ತಿರ ತಿರುವು ತಗೊಂಡೆ, ಸ್ಟೀರಿಂಗ್ ತಾನಾಗಿ ವಾಪಸ್ ಬರಲೇ ಇಲ್ಲ. ಕೈಯಲ್ಲಿ ಎಳೆದು ನೇರ ಮಾಡಿದೆ. ಹಿಂದೆ ಒಂದು ಟನ್ ಎಳನೀರು. ಪಕ್ಕಕ್ಕೆ ನಿಲ್ಲಿಸಿ, ಬೆವರು ಒರೆಸಿಕೊಂಡು, ಸ್ಕ್ರೂ ಮೊದಲಿದ್ದ ಜಾಗಕ್ಕೇ ತಂದೆ. ಅದನ್ನು ಎಷ್ಟು ತಿರುಗಿಸಬಹುದು ಅಂತ ಈಗ ಗೊತ್ತು. ಆದರೆ ಇಲ್ಲಿ ಬರೆಯಲ್ಲ. ಯಾರಾದರೂ ಓದಿಕೊಂಡು ಹೋಗಿ ತಿರುಗಿಸಿಬಿಟ್ಟರೆ ಆ ಪಾಪ ನನಗೆ ಬೇಡ.

ಇನ್ನೊಂದು ಪ್ರಯೋಗ. ಹಳೇ ಮೊಬೈಲ್‌ನಲ್ಲಿ ರೆಕಾರ್ಡಿಂಗ್ ಹಾಕಿ, ಪ್ಲಾಸ್ಟಿಕ್ ಕವರ್ ಸುತ್ತಿ, ಮುಂದಿನ ಪ್ಲೇಟ್ ಸೆಟ್‌ಗೆ ಟ್ಯೂಬ್ ರಬ್ಬರಿನಿಂದ ಕಟ್ಟಿದೆ. ವಿಶ್ವೇಶ್ವರಯ್ಯ ನಾಲೆ ಏರಿ ಮೇಲೆ 2 ಕಿಲೋಮೀಟರ್ ಓಡಿಸಿದೆ. ಮನೆಗೆ ಬಂದು ಕೇಳಿದರೆ ಕವರ್ ಪಟಪಟ ಅನ್ನೋದು ಬಿಟ್ಟು ಬೇರೇನೂ ಇಲ್ಲ. ಆದರೆ ಅದೇ ಏರಿ ಮೇಲೆ ಸುಮ್ನೆ ಬ್ರೇಕ್ ಮೇಲೆ ಕಾಲಿಟ್ಟು ಓಡಿಸಿ ನೋಡಿದೆ. ಗಾಡಿ ನಿಲ್ಲುವಷ್ಟಲ್ಲ, ಪೆಡಲ್‌ಗೆ ಒಂಚೂರು ಭಾರ. ‘ಕಟಕಟ’ ಮಾಯ! ಕಾಲು ತೆಗೆದರೆ ವಾಪಸ್. ಮನೆಗೆ ಬಂದು ಎಡಗಡೆ ಚಕ್ರ ಬಿಚ್ಚಿದರೆ ಬ್ರೇಕ್ ಪ್ಯಾಡ್ ಹಿಡಿದಿಡುವ ಕ್ಯಾಲಿಪರ್‌ನ ಪಿನ್ ಸವೆದು, ಪ್ಯಾಡ್ ತನ್ನ ಜಾಗದಲ್ಲೇ ಕುಣಿಯುತ್ತಿತ್ತು. ಪಿನ್ ಕಿಟ್ 400 ರೂಪಾಯಿಯ ಆಸುಪಾಸು. ಅರ್ಧ ಸದ್ದು ಅಲ್ಲಿಗೆ ಮುಗಿಯಿತು. ಶಾಕ್, ಬುಷ್ ಎರಡೂ ಬದಲಾಯಿಸುವ ಅವಸರವೇ ಇರಲಿಲ್ಲ, ಏನ್ ಮಾಡೋದು.

ಉಳಿದದ್ದು ‘ಟಕ್’ ಒಂದೇ.

ಒಂದು ಭಾನುವಾರ ಗಾಡಿಯನ್ನು ಮನೆ ಮುಂದಿನ ಒಣಗಿದ ಚರಂಡಿಯ ಮೇಲೆ ಅಡ್ಡ ನಿಲ್ಲಿಸಿದೆ, ಚಕ್ರಗಳು ಎರಡೂ ಬದಿ ಗಟ್ಟಿ ನೆಲದ ಮೇಲೆ. ಜಾಕ್ ಇಲ್ಲ, ಪೂರ್ತಿ ಭಾರ ಚಕ್ರದ ಮೇಲೆ. ನ್ಯೂಟ್ರಲ್, ಹ್ಯಾಂಡ್ ಬ್ರೇಕ್, ಚಕ್ರಗಳಿಗೆ ಕಲ್ಲು. ಹೆಂಡತಿಯನ್ನು ಸೀಟಿನಲ್ಲಿ ಕೂರಿಸಿದೆ. ಪೂರ್ತಿ ತಿರುಗಿಸಬೇಡ, ಎಡಕ್ಕೆ ನಾಲ್ಕು ಬೆರಳು, ಬಲಕ್ಕೆ ನಾಲ್ಕು ಬೆರಳು ಅಷ್ಟೇ ಅಂತ ಹೇಳಿ ಕೆಳಗೆ ಇಳಿದೆ. ಸದ್ದನ್ನು ಕಿವಿಯಿಂದ ಹುಡುಕಲಿಲ್ಲ, ಕೈಯಿಂದ ಹುಡುಕಿದೆ. ಒಂದೊಂದೇ ಜಾಯಿಂಟ್ ಮುಷ್ಟಿಯಲ್ಲಿ ಹಿಡಿದುಕೊಂಡೆ. ಟೈ ರಾಡ್, ಇಲ್ಲ. ಡ್ರ್ಯಾಗ್ ಲಿಂಕ್, ಇಲ್ಲ. ಶ್ಯಾಕಲ್, ಇಲ್ಲ. ಚಾಸಿ ಮಾತ್ರ ಎಲ್ಲಿ ಮುಟ್ಟಿದರೂ ಝುಂ ಅನ್ನುತ್ತಿತ್ತು. ಕಬ್ಬಿಣ ಸದ್ದನ್ನು ಊರೆಲ್ಲಾ ಹೊತ್ತು ತಿರುಗುತ್ತೆ.

ಅರ್ಧ ಗಂಟೆ ಆದ ಮೇಲೆ ಮೇಲಿಂದ ಕೂಗಿದಳು: "ರೀ, ಇದು ಚಕ್ರದಲ್ಲಲ್ಲ, ನನ್ ಬಲಗಾಲಿನ ಕೆಳಗೇ ಕುಟ್ತಾ ಅದೆ."

ಅವಳ ಬಲಗಾಲಿನ ಕೆಳಗೆ, ಚಾಸಿಯ ಮೇಲೆ ಇರೋದು ಸ್ಟೀರಿಂಗ್ ಬಾಕ್ಸ್. ಹೆಬ್ಬೆರಳು ಅರ್ಧ ಬಾಕ್ಸ್ ಮೇಲೆ, ಅರ್ಧ ಚಾಸಿ ಮೇಲೆ ಒತ್ತಿ ಹಿಡಿದು, ಎಂಜಿನ್ ಸ್ಟಾರ್ಟ್ ಮಾಡಿಸಿ ಮತ್ತೆ ಸ್ಟೀರಿಂಗ್ ತಿರುಗಿಸಲು ಹೇಳಿದೆ. ಪವರ್ ಸ್ಟೀರಿಂಗ್ ಪಂಪಿನ ಒತ್ತಡ ಬಂದಾಗ ಬಾಕ್ಸ್ ಚಾಸಿಯಿಂದ ಉಗುರಿನ ದಪ್ಪ ಸರಿದು ಬೆರಳಿನ ಚರ್ಮ ಚಿವುಟಿತು. ಗ್ರೀಸು, ಮಣ್ಣು ಕೆರೆದರೆ ಬಾಕ್ಸನ್ನು ಚಾಸಿಗೆ ಹಿಡಿದಿಡುವ ಬೋಲ್ಟಿನ ಸುತ್ತ ಕುಂಕುಮದ ಹಾಗೆ ಕೆಂಪು ಪುಡಿ. ಎರಡು ಕಬ್ಬಿಣ ಒಂದಕ್ಕೊಂದು ಉಜ್ಜಿದರೆ ಬರುವ ಪುಡಿ ಅದು.

ಬೋಲ್ಟ್ ಟೈಟ್ ಮಾಡಿದೆ. ಅರ್ಧ ಸುತ್ತು ತಗೊಂಡಿತು. ಸದ್ದು 3 ದಿನ ನಿಂತಿತು. ಆಗ ಹೊಳೆಯಿತು. ಆ 8 ದಿನ ಸದ್ದು ನಿಂತಿದ್ದು ಮೈಸೂರಿನವರು ಬಾಕ್ಸ್ ರಿಪೇರಿ ಮಾಡಿದ್ದರಿಂದಲ್ಲ. ವಾಪಸ್ ಕೂರಿಸುವಾಗ ಬೋಲ್ಟ್ ಟೈಟ್ ಮಾಡಿದ್ದರಿಂದ ನಿಂತಿತ್ತು. ಅವರ ಕೆಲಸದಲ್ಲಿ ತಪ್ಪಿರಲಿಲ್ಲ, ನನಗೆ ಆ ಕೆಲಸವೇ ಬೇಕಿರಲಿಲ್ಲ.

ಹಾಗಾದರೆ ಬೋಲ್ಟ್ ಯಾಕೆ ಸಡಿಲ ಆಗುತ್ತೆ? ಮಗನ ಪೆನ್ಸಿಲ್ ಬಾಕ್ಸಿನಿಂದ ವೈಟ್ನರ್ ತಂದು ಬೋಲ್ಟ್ ತಲೆ, ಬಾಕ್ಸ್, ಚಾಸಿ ಮೂರಕ್ಕೂ ಸೇರಿ ಒಂದೇ ಗೆರೆ ಎಳೆದೆ. ಎರಡು ಟ್ರಿಪ್ ಹೊಡೆದು ನೋಡಿದರೆ ಬೋಲ್ಟ್ ತಲೆಯ ಗೆರೆ ಹಾಗೇ ಇದೆ. ಬಾಕ್ಸ್, ಚಾಸಿ ನಡುವೆ ಗೆರೆ ಒಡೆದಿದೆ. ಅಂದರೆ ಬೋಲ್ಟ್ ತಿರುಗಿಲ್ಲ, ಆದರೂ ಬಾಕ್ಸ್ ಜರುಗಿದೆ.

ಬಾಕ್ಸ್ ಇಳಿಸಿದೆ. ಆ ಬೋಲ್ಟ್‌ಗಳು ಚಾಸಿ ಡಬ್ಬದ ಈ ಕಡೆಯಿಂದ ಆ ಕಡೆಗೆ ಹಾದು ಹೋಗುತ್ತವೆ. ನಡುವೆ ಚಾಸಿ ಅಮುಕದ ಹಾಗೆ ಪೈಪಿನ ತುಂಡು ಇರುತ್ತೆ. ನನ್ನ ಗಾಡಿಯಲ್ಲಿ ಆ ಪೈಪು ತುಕ್ಕು ಹಿಡಿದು ಹಪ್ಪಳ ಆಗಿತ್ತು. ಟೈಟ್ ಮಾಡಿದಷ್ಟೂ ಚಾಸಿಯ ಗೋಡೆ ಒಳಕ್ಕೆ ಕುಗ್ಗುತ್ತಿತ್ತು ಅಷ್ಟೇ. ತೂತುಗಳು ಮೊಟ್ಟೆ ಆಕಾರ ಆಗಿದ್ದವು. ಕೆಳಗಿನ ತೂತಿನಿಂದ ಒಂದು ಗೆಣ್ಣು ಉದ್ದದ ಬಿರುಕು ಬೇರೆ. ಅದನ್ನು ನೋಡಿದ ಮೇಲೆ ರಾತ್ರಿ ನಿದ್ದೆ ಸರಿಯಾಗಿ ಬರಲಿಲ್ಲ. ಅಷ್ಟು ದಿನ ಆ ಗಾಡಿಯಲ್ಲೇ ಎಕ್ಸ್‌ಪ್ರೆಸ್‌ವೇ ಮೇಲೆ ಓಡಾಡಿದ್ದೆನಲ್ಲ.

ಬ್ಯಾಟರಿ ಬಿಚ್ಚಿ, ಬಿರುಕಿನ ತುದಿಗೆ 3 ಎಂಎಂ ತೂತು ಹೊಡೆಸಿ, ಗ್ರೈಂಡರ್‌ನಲ್ಲಿ ಬಿರುಕು ಸೀಳಿ ವೆಲ್ಡಿಂಗ್. ಮೇಲೆ ಒಂದು ದಪ್ಪ ಪ್ಲೇಟ್. ವೆಲ್ಡರ್ 1,200 ತಗೊಂಡ. ಮಂಡ್ಯದ ಲೇತ್ ಅಂಗಡಿಯಲ್ಲಿ ದಪ್ಪ ಗೋಡೆಯ ಪೈಪ್ ತುಂಡುಗಳು, 600. ಬೋಲ್ಟ್ 10.9 ಗ್ರೇಡ್ (ಹೆಚ್ಚು ಗಟ್ಟಿಯದು), ಹೊಸ ನಟ್, 350 ಇರಬೇಕು. ಪೈಪ್ ಅರ್ಧ ಎಂಎಂ ಗಿಡ್ಡ ಆದರೂ ಎಲ್ಲಾ ದಂಡ. ಮೊದಲ ಸೆಟ್ ಹಾಗೇ ದಂಡವಾಯಿತು, ಇನ್ನೊಂದು 600. ಆ ಅಳತೆ ಕೊನೆಗೆ ಹೇಗೆ ಸಿಕ್ಕಿತು, ಚಾಸಿ ಕತ್ತರಿಸದೆ ಪೈಪ್ ಒಳಗೆ ಹೇಗೆ ಹೋಯಿತು ಅನ್ನೋದು ನನ್ನ ಹತ್ತಿರವೇ ಇರಲಿ. ಮದ್ದೂರು ಕಡೆ ಬಂದರೆ ಒಂದು ಎಳನೀರು ಕುಡಿಯುತ್ತಾ ಹೇಳುತ್ತೇನೆ.

ಅಂದ ಹಾಗೆ, ಬಾಕ್ಸಿನ ಶಾಫ್ಟ್ ಹಲ್ಲಿನ ಮೇಲೆ ಕೂರುವ ಡ್ರಾಪ್ ಆರ್ಮ್‌ಗೆ ಪಂಚ್ ಗುರುತು ಹಾಕದೆ ಬಿಚ್ಚಿದ್ದೆ. ಒಂದು ಹಲ್ಲು ತಪ್ಪಿ ಕೂತು, ಗಾಡಿ ನೇರ ಹೋದರೂ ಸ್ಟೀರಿಂಗ್ ಸೊಟ್ಟ. ಮತ್ತೆ ಬಿಚ್ಚಿ ಕೂರಿಸಲು ಅರ್ಧ ದಿನ. ನಗಬೇಡಿ.

ಈಗ 5 ತಿಂಗಳಾಯಿತು, ಸುಮಾರು 15 ಸಾವಿರ ಕಿಲೋಮೀಟರ್. ವೈಟ್ನರ್ ಗೆರೆ ಒಡೆದಿಲ್ಲ. ಮೇಸ್ತ್ರಿ ಬಂದು ಸ್ವತಃ ಸ್ಟೀರಿಂಗ್ ತಿರುಗಿಸಿ ನೋಡಿದರು. ಏನೂ ಹೇಳಲಿಲ್ಲ, ಬಗ್ಗಿ ಆ ಗೆರೆಯ ಫೋಟೋ ತೆಗೆದುಕೊಂಡು ಹೋದರು.

ಇನ್ನೂ ಒಂದು ‘ಕಿರ್’ ಇದೆ, ಬೆಳಗಿನ ಜಾವ ಮಾತ್ರ. ಗಾಡಿ ಕೆಳಗಿನ ಒಂದೊಂದು ರಬ್ಬರ್ ಬುಷ್‌ಗೂ ಬೇರೆ ಬೇರೆ ದಿನ ಒಂದು ಚೊಂಬು ನೀರು ಸುರಿದು ಓಡಿಸಿ ನೋಡಿದೆ. ಕ್ಯಾಬಿನ್‌ನ ಎಡಗಡೆ ರಬ್ಬರ್ ಒದ್ದೆಯಾದ ದಿನ ಸದ್ದಿಲ್ಲ, ಒಣಗಿದ ಮೇಲೆ ಮತ್ತೆ ಶುರು. ರಬ್ಬರ್ 180 ರೂಪಾಯಿ ಅಂತೆ. ಎಫ್‌ಸಿ (ಗಾಡಿಯ ಫಿಟ್‌ನೆಸ್ ಪರೀಕ್ಷೆ) ಮುಗಿಯಲಿ, ಹಾಕಿಸುತ್ತೇನೆ.