ಶುಗರ್‌ಗೆ ಮೆಂತ್ಯ: ನೀರು ಕುಡಿದು ಕಾಳು ಬಿಸಾಕ್ಬೇಡಿ

ನಮ್ಮತ್ತೆ ಎರಡು ವರ್ಷ ಮೆಂತ್ಯ ನೆನೆಸಿದ ನೀರು ಕುಡಿದು ಕಾಳನ್ನೆಲ್ಲ ಕರಿಬೇವಿನ ಗಿಡದ ಬುಡಕ್ಕೆ ಸುರೀತಿದ್ರು. ಈಗ್ಲೂ ಎಷ್ಟೋ ಮನೇಲಿ ಹಿಂಗೇ ನಡೀತಿದೆ, ನೋಡಿದ್ರೆ ಹೊಟ್ಟೆ ಉರಿಯುತ್ತೆ, ಅದಕ್ಕೇ ಬರೀತಿದೀನಿ.

ರಾತ್ರಿ ಒಂದು ಟೀ ಚಮಚ ಕಾಳು ತೊಳೆದು ಅರ್ಧ ಲೋಟ ನೀರಲ್ಲಿ ನೆನೆಸಿಡಿ, ಅಷ್ಟೇ.

ಬೆಳಿಗ್ಗೆ ತಿಂಡಿಗೆ ಸ್ವಲ್ಪ ಮುಂಚೆ ನೀರಿನ ಜೊತೆ ಕಾಳನ್ನೂ ಅಗಿದು ತಿನ್ನಿ. ಮೆಂತ್ಯದಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ನಾರು, ಅದ್ರಲ್ಲಿ ನೀರಲ್ಲಿ ಕರಗೋ ನಾರು ಹೊಟ್ಟೇಲಿ ಲೋಳೆ ಆಗಿ ಊಟದ ಸಕ್ಕರೆ ರಕ್ತಕ್ಕೆ ನಿಧಾನಕ್ಕೆ ಸೇರೋ ಹಾಗೆ ಮಾಡುತ್ತೆ, ಆ ಲೋಳೆಯ ಬಹುಪಾಲು ಕಾಳಲ್ಲೇ ಉಳಿದಿರುತ್ತೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯವರು ಪ್ರಯೋಗ ಮಾಡಿದಾಗ ಕೊಟ್ಟಿದ್ದೂ ಕಾಳಿನ ಪುಡೀನೇ, ಅದೂ ದಿನಕ್ಕೆ 25ರಿಂದ 100 ಗ್ರಾಂ. ಹಾಗಂತ ನೀವು ಮೊದಲ ದಿನಾನೇ ಮುಷ್ಟಿಗಟ್ಟಲೆ ತಿನ್ಬೇಡಿ, ಗ್ಯಾಸು, ಭೇದಿ ಎರಡೂ ಆಗುತ್ತೆ. ಕಹಿ ತಡಿಯಲ್ಲ ಅನ್ನೋರು ನೆಂದ ಕಾಳನ್ನ ಒದ್ದೆ ಬಟ್ಟೇಲಿ ಕಟ್ಟಿ ಮೊಳಕೆ ಬರಿಸಿ, ಇಲ್ಲ ರುಬ್ಬಿ ಮಜ್ಜಿಗೆಗೆ ಹಾಕಿ. ನಂಗೆ ಮೊಳಕೇನೇ ಇಷ್ಟ. ಒಗ್ಗರಣೆಗೆ ಹಾಕೋ ನಾಲ್ಕು ಕಾಳನ್ನ ಲೆಕ್ಕಕ್ಕೆ ತಗೋಬೇಡಿ.

ಅಂಗಡೀಲಿ ಸಿಗೋ "ಶುಗರ್ ಪುಡಿ" ಡಬ್ಬಿ ಮೇಲೆ ಒಳಗೇನಿದೆ ಅಂತ ಬರೆದಿಲ್ಲ ಅಂದ್ರೆ ಮುಟ್ಲೇಬೇಡಿ, ಇಂಥ ಪುಡಿಗಳಲ್ಲಿ ಹೇಳದೆ ಕೇಳದೆ ಶುಗರ್ ಮಾತ್ರೇನೇ ಬೆರೆಸಿದ್ದು ಸಿಕ್ಕಿರೋದುಂಟು.

ಇನ್ನು ಮಾತ್ರೆ ವಿಷಯ, ಜನ ಎಡವೋದು ಇಲ್ಲೇ. ಮೆಂತ್ಯ ಶುರು ಮಾಡಿದೆ ಅಂತ ಮಾತ್ರೆ, ಇನ್ಸುಲಿನ್ ಬಿಡೋ ಹಾಗಿಲ್ಲ. ಶುರು ಮಾಡೋ ಮುಂಚೆ ಡಾಕ್ಟರಿಗೆ ಹೇಳಿ, ಮೆಂತ್ಯದ ಲೋಳೆ ಮಾತ್ರೆ ರಕ್ತಕ್ಕೆ ಸೇರೋದನ್ನೂ ತಡೀಬಹುದು, ಎಷ್ಟು ಹೊತ್ತು ಬಿಟ್ಟು ತಿನ್ನಬೇಕು ಅಂತ ಅವರನ್ನೇ ಕೇಳಿ. ಗ್ಲಿಮೆಪಿರೈಡ್ ಥರದ ಮಾತ್ರೆ ಅಥವಾ ಇನ್ಸುಲಿನ್ ತಗೊಳ್ಳೋರಿಗೆ ಶುಗರ್ ತೀರಾ ಇಳೀಬಹುದು. ಕೈ ನಡುಗಿ ಬೆವರು ಬಂದ್ರೆ ತಕ್ಷಣ ಚೆಕ್ ಮಾಡಿ, 70ಕ್ಕಿಂತ ಕಮ್ಮಿ ಇದ್ರೆ ಮೂರು ಟೀ ಚಮಚ ಸಕ್ಕರೆ ನೀರಲ್ಲಿ ಕದಡಿ ಕುಡಿದು 15 ನಿಮಿಷಕ್ಕೆ ಮತ್ತೆ ನೋಡಿ. ರಕ್ತ ತೆಳು ಮಾಡೋ ಮಾತ್ರೆ ತಗೊಳ್ಳೋರು, ಬಸುರಿಯರು, ಕಡಲೆಕಾಯಿ ಅಲರ್ಜಿ ಇರೋರು ಡಾಕ್ಟರು ಹೂಂ ಅನ್ನದೆ ತಿನ್ನಲೇಬಾರದು.

ಖಾಲಿ ಹೊಟ್ಟೇದು, ತಿಂಡಿ ಆಗಿ ಎರಡು ಗಂಟೆಗೆ ಒಂದು, ಹೀಗೆ ರೀಡಿಂಗ್ ತಗೊಂಡು ಕ್ಯಾಲೆಂಡರ್ ಮೇಲೇ ಬರೆದಿಡಿ. ಮೂರು ತಿಂಗಳಿಗೆ ಎಚ್‌ಬಿಎ1ಸಿ (ಎರಡು-ಮೂರು ತಿಂಗಳ ಸರಾಸರಿ ಶುಗರ್ ತೋರಿಸೋ ರಕ್ತ ಪರೀಕ್ಷೆ) ಮಾಡಿಸೋಕೆ ಹೋದಾಗ ಆ ಹಾಳೆ ಡಾಕ್ಟರಿಗೆ ತೋರಿಸಿ, ಮಾತ್ರೆ ಕಮ್ಮಿ ಮಾಡೋದಿದ್ರೆ ಅವರೇ ಮಾಡ್ತಾರೆ.