ಗುತ್ತಿಗೆದಾರರನ್ನು ಒಪ್ಪುವ ಮೊದಲು ಅವರ ಕೆಲಸ ನಡೆಯುತ್ತಿರುವ ಸೈಟ್ ನೋಡಿ

ಮನೆ ಕಟ್ಟಿಸಲು ಹೊರಟವರು ಮೊದಲು ಕೇಳುವುದೇ ಚದರ ಅಡಿಗೆ ಎಷ್ಟು ಅಂತ. ಆ ಪ್ರಶ್ನೆ ಸ್ವಲ್ಪ ದಿನ ಕಾಯಲಿ. ನಕ್ಷೆ ನೋಡದೆ, ಸಾಮಗ್ರಿ ಯಾವುದೆಂದು ತಿಳಿಯದೆ ಹೇಳುವ ದರವನ್ನು ನಂಬಿ ಲೆಕ್ಕ ಹಾಕಲಾಗದು.

ಮೊದಲು ಎಂಜಿನಿಯರ್ ಹತ್ತಿರ ಪೂರ್ತಿ ನಕ್ಷೆ ಮಾಡಿಸಿ. ಸಿಮೆಂಟ್, ಕಂಬಿ, ಟೈಲ್ಸ್, ಬಾಗಿಲು, ಪೈಪು, ವೈರು ಎಲ್ಲವನ್ನೂ ಪಟ್ಟಿ ಮಾಡಿ. ಅದೇ ನಕ್ಷೆ, ಅದೇ ಪಟ್ಟಿಯನ್ನು ಮೂರು ಜನ ಗುತ್ತಿಗೆದಾರರಿಗೆ ಕೊಡಿ. ಆಗ ಮಾತ್ರ ಅವರ ದರಗಳನ್ನು ಹೋಲಿಸಬಹುದು. ಕಾಂಪೌಂಡ್, ನೀರಿನ ತೊಟ್ಟಿ, ಬಣ್ಣ ಇದರಲ್ಲಿ ಸೇರಿವೆಯಾ ಎಂದು ಕೇಳಿ. ಒಬ್ಬರ ದರ ಉಳಿದವರಿಗಿಂತ ತೀರಾ ಕಡಿಮೆ ಇದ್ದರೆ ಏನು ಬಿಟ್ಟಿದ್ದಾರೆ ಎಂದು ಹುಡುಕಿ. ಬಿಟ್ಟಿದ್ದು ಆಮೇಲೆ 'ಎಕ್ಸ್‌ಟ್ರಾ' ಬಿಲ್ ಆಗಿ ಬರುತ್ತದೆ.

ಇನ್ನು ಮುಖ್ಯವಾದ ಕೆಲಸ, ಕಣ್ಣಾರೆ ನೋಡುವುದು. ಅವರು ಕಟ್ಟಿದ ಮನೆಯ ಫೋಟೊ ಸಾಲದು. ಕಡೇ ಪಕ್ಷ ಒಂದು ಮಳೆಗಾಲ ಕಳೆದ ಮನೆಗೆ ಹೋಗಿ. ಸ್ನಾನದ ಮನೆಯ ಹಿಂದಿನ ಗೋಡೆ, ತಾರಸಿಯ ಕೆಳಭಾಗ, ಕಿಟಕಿಯ ಮೂಲೆ ನೋಡಿ. ತೇವ, ಬಿರುಕು ಕಾಣುವುದು ಅಲ್ಲೇ. ಮನೆಯವರನ್ನು ನೇರವಾಗಿ ಕೇಳಿ: ಕೆಲಸ ನಡುವೆ ನಿಂತಿತ್ತಾ? ಪೂರ್ತಿ ದುಡ್ಡು ಕೊಟ್ಟ ಮೇಲೂ ರಿಪೇರಿಗೆ ಬಂದರಾ? ಎರಡನೇ ಪ್ರಶ್ನೆಯ ಉತ್ತರಕ್ಕೆ ಜಾಸ್ತಿ ಬೆಲೆ ಕೊಡಿ.

ಈಗ ಕೆಲಸ ನಡೆಯುತ್ತಿರುವ ಸೈಟಿಗೂ ಹೋಗಿ. ನನ್ನ ಪ್ರಕಾರ ಇದಕ್ಕಿಂತ ದೊಡ್ಡ ಪರೀಕ್ಷೆ ಇಲ್ಲ. ಸಿಮೆಂಟ್ ಚೀಲಗಳನ್ನು ನೆಲಕ್ಕೆ ತಾಗದಂತೆ ಹಲಗೆಯ ಮೇಲೆ ಇಟ್ಟಿದ್ದಾರಾ? ಕಂಬಿಯ ಕೆಳಗೆ ಕವರ್ ಬ್ಲಾಕ್ (ಕಂಬಿಯನ್ನು ಅಚ್ಚಿನಿಂದ ಸ್ವಲ್ಪ ಎತ್ತಿ ಹಿಡಿಯುವ ಸಣ್ಣ ಬಿಲ್ಲೆ) ಇದೆಯಾ? ಅದಿಲ್ಲದಿದ್ದರೆ ಕಂಬಿಗೆ ಬೇಗ ತುಕ್ಕು ಹಿಡಿಯುತ್ತದೆ. ಕಾಂಕ್ರೀಟ್ ಸಲೀಸಾಗಿ ಹರಿಯಲಿ ಅಂತ ಸುಮ್ನೆ ನೀರು ಸುರಿಯುತ್ತಿದ್ದರೆ ಅದರ ಗಟ್ಟಿತನ ಹೋಯಿತು ಎಂದೇ ತಿಳಿಯಿರಿ. ಸೆಂಟ್ರಿಂಗ್ (ಕಾಂಕ್ರೀಟ್ ಸುರಿಯಲು ಕಟ್ಟಿದ ಅಚ್ಚು) ಬಿಚ್ಚಿದ ಕಂಬಗಳಲ್ಲಿ ಜಲ್ಲಿ ಕಾಣುವಂಥ ಗೂಡುಗಳಿದ್ದರೆ ಕಾಂಕ್ರೀಟ್ ಸರಿಯಾಗಿ ಕೂತಿಲ್ಲ. ಹೊಸ ಕಾಂಕ್ರೀಟಿಗೆ ಕನಿಷ್ಠ 7 ದಿನ ಕ್ಯೂರಿಂಗ್ (ನೀರು ಹಾಕಿ ಒದ್ದೆಯಾಗಿಡುವುದು) ಬೇಕು. ಆದರೆ ಒಣಗಿ ಬಿಳಿಚಿಕೊಂಡ ಕಂಬಗಳು ಎಷ್ಟೋ ಕಡೆ ಕಾಣುತ್ತವೆ, ನೋಡಿದರೆ ಹೊಟ್ಟೆ ಉರಿಯುತ್ತದೆ. ಗಟ್ಟಿತನ ಅಳೆಯಲು ಅದೇ ಕಾಂಕ್ರೀಟಿನಿಂದ ಎರಕ ಹೊಯ್ದ ಕ್ಯೂಬ್‌ಗಳನ್ನು 28 ದಿನಕ್ಕೆ ಪರೀಕ್ಷೆ ಮಾಡಿಸುತ್ತೀರಾ ಎಂದು ಮೇಸ್ತ್ರಿಯನ್ನು ಕೇಳಿ. ಉತ್ತರ ಕೊಡುವ ರೀತಿಯಲ್ಲೇ ಬಹಳಷ್ಟು ಗೊತ್ತಾಗುತ್ತದೆ.

ಮಾತಿಗೆ ಕೂತಾಗ ಸದ್ಯ ಎಷ್ಟು ಸೈಟ್ ನಡೆಯುತ್ತಿವೆ, ನಮ್ಮಲ್ಲಿ ದಿನವೂ ನಿಲ್ಲುವವರು ಯಾರು ಎಂದು ಕೇಳಿ. ಒಳ್ಳೆಯ ಗುತ್ತಿಗೆದಾರರು ತಿರುಗಿ ನಿಮ್ಮನ್ನೇ ಮಣ್ಣು ಹೇಗಿದೆ, ನೀರು ಎಲ್ಲಿಂದ ಬರುತ್ತದೆ ಎಂದು ಕೇಳುತ್ತಾರೆ. ಎಲ್ಲದಕ್ಕೂ 'ಆಗುತ್ತೆ ಬಿಡಿ' ಎನ್ನುವವರ ಹತ್ತಿರ ಹುಷಾರಾಗಿರಿ.

ಒಪ್ಪಿಗೆಯಾದರೆ ಎಲ್ಲವೂ ಬರವಣಿಗೆಯಲ್ಲಿರಲಿ, ಪರಿಚಯದವರಾದರೂ ಸರಿ. ಮುಂಗಡ ಕಡಿಮೆ ಕೊಡಿ. ಪಾಯ, ಲಿಂಟಲ್ (ಬಾಗಿಲು, ಕಿಟಕಿಯ ಮೇಲಿನ ಅಡ್ಡ ತೊಲೆ), ತಾರಸಿ, ಪ್ಲಾಸ್ಟರಿಂಗ್ ಹೀಗೆ ಒಂದೊಂದು ಹಂತ ಮುಗಿದ ಮೇಲೆ ಕಂತು ಕೊಡುವಂತೆ ಬರೆಸಿ. ಕೆಲಸಕ್ಕಿಂತ ದುಡ್ಡು ಮುಂದೆ ಹೋದರೆ ಹಿಡಿತ ತಪ್ಪುತ್ತದೆ, ಅಲ್ವಾ? ಶೇಕಡಾ 5ರಷ್ಟು ಹಣವನ್ನು ಒಂದು ಮಳೆಗಾಲ ಕಳೆಯುವವರೆಗೆ ಉಳಿಸಿಕೊಳ್ಳುವ ಷರತ್ತೂ ಇರಲಿ. ಹೆಚ್ಚುವರಿ ಕೆಲಸದ ದರ ಮೊದಲೇ ಗೊತ್ತಾಗಲಿ. ಕೆಲಸಗಾರರಿಗೆ ಪೆಟ್ಟಾದರೆ ಖರ್ಚು ಯಾರದು, ವಿಮೆ ಇದೆಯಾ ಎನ್ನುವುದನ್ನೂ ಬರೆಸಿ. ನಕ್ಷೆಯ ಪ್ರತಿ ಹಾಳೆಗೂ ಇಬ್ಬರೂ ಸಹಿ ಹಾಕಿ, ಒಂದು ಪ್ರತಿಯನ್ನು ಸೈಟಿನಲ್ಲೇ ಇಡಿ.